ಹೊರದೇಶದ ಪ್ರಾಣಿಗಳನ್ನು ಮೃಗಾಲಯಕ್ಕೆ ಆರಿಸುವಾಗ ಹವಾಮಾನ ಮುಖ್ಯವೋ, ಸಂತಾನ ಯೋಜನೆ ಮುಖ್ಯವೋ?

ಪ್ರಶ್ನೆ – ಚಾಮುಂಡಿತಪ್ಪಲು

ಎಲ್ಲರಿಗೂ ನಮಸ್ಕಾರ. ನಾನು ಪ್ರಾಣಿಶಾಸ್ತ್ರದ ಸ್ನಾತಕೋತ್ತರ ಪದವಿಯ ಕೊನೆಯ ವರ್ಷದ ವಿದ್ಯಾರ್ಥಿನಿ. ಭಾರತದ ಮೃಗಾಲಯಗಳು ಹೊರದೇಶದ ಪ್ರಾಣಿಗಳನ್ನು ಯಾವ ಆಧಾರದ ಮೇಲೆ ಆರಿಸಿಕೊಳ್ಳಬೇಕು ಎಂಬ ವಿಷಯದ ಮೇಲೆ ಕಿರುಪ್ರಬಂಧ ಬರೆಯುತ್ತಿದ್ದೇನೆ. ಮೈಸೂರಿನಲ್ಲಿಯೇ ಬೆಳೆದವಳಾದ್ದರಿಂದ 1892ರಲ್ಲಿ ಆರಂಭವಾದ ನಮ್ಮ ಶ್ರೀ ಚಾಮರಾಜೇಂದ್ರ ಮೃಗಾಲಯದ ಜಿರಾಫೆ, ಜೀಬ್ರಾ, ಗೊರಿಲ್ಲಾಗಳನ್ನು ಚಿಕ್ಕಂದಿನಿಂದ ನೋಡಿದ್ದೇನೆ. ಅವು ಇಲ್ಲಿಯವೇ ಎಂಬಷ್ಟು ಸಹಜವಾಗಿ ಕಾಣುತ್ತಿದ್ದುದರಿಂದ ಅವು ಇಲ್ಲಿ ಏಕಿವೆ ಎಂಬ ಪ್ರಶ್ನೆ ನನಗೆ ಹುಟ್ಟಿದ್ದು ಈ ಅಧ್ಯಯನ ಕೈಗೆತ್ತಿಕೊಂಡ ಮೇಲೆಯೇ.

ಇತ್ತೀಚೆಗೆ ಓದಿದ ಎರಡು ಸಂಗತಿಗಳು ನನ್ನನ್ನು ಯೋಚನೆಗೆ ಹಚ್ಚಿವೆ. ಸಿಂಗಪುರದ ಮೃಗಾಲಯವು ಇನ್ನು ಮುಂದೆ ಹಿಮಕರಡಿಗಳನ್ನು ತರುವುದಿಲ್ಲವೆಂದು 2006ರಲ್ಲಿ ಪ್ರಕಟಿಸಿತು. ಉಷ್ಣವಲಯದಲ್ಲಿ ಹುಟ್ಟಿದ ಮೊದಲ ಹಿಮಕರಡಿಯಾದ ಇನುಕಾ 2018ರಲ್ಲಿ ತೀರಿಕೊಂಡ ನಂತರ ಆ ಅಧ್ಯಾಯ ಮುಗಿಯಿತು. ಇತ್ತ ಮುಂಬೈನ ಭಾಯ್‌ಖಳಾ ಮೃಗಾಲಯಕ್ಕೆ 2016ರಲ್ಲಿ ದಕ್ಷಿಣ ಕೊರಿಯಾದಿಂದ ಎಂಟು ಹಂಬೋಲ್ಟ್ ಪೆಂಗ್ವಿನ್‌ಗಳು ಬಂದವು. ಅವುಗಳಲ್ಲಿ ಒಂದು ಕೆಲವೇ ತಿಂಗಳಲ್ಲಿ ಸತ್ತಿತು, ಉಳಿದವು ತಂಪುಗೊಳಿಸಿದ ಕಟ್ಟಡದೊಳಗೆ ಬದುಕಿ ಮರಿಗಳನ್ನೂ ಮಾಡಿದವು. ಮರಿ ಮಾಡಿದವು ಎಂದ ಮೇಲೆ ಆ ಆಯ್ಕೆ ಸರಿಯೆಂದೇ ಒಪ್ಪಿಕೊಳ್ಳಬೇಕೇ?

ಹವಾಮಾನದ ಹೊಂದಾಣಿಕೆ ಎಂದರೆ ಎರಡು ಊರುಗಳ ಗರಿಷ್ಠ ಮತ್ತು ಕನಿಷ್ಠ ಉಷ್ಣಾಂಶವನ್ನು ಪಕ್ಕಪಕ್ಕದಲ್ಲಿ ಇಟ್ಟು ನೋಡುವುದಷ್ಟೆಯೇ, ಅಥವಾ ಅದಕ್ಕೂ ಆಚೆಗೆ ಗಮನಿಸಬೇಕಾದುದು ಇದೆಯೇ? ಯುರೋಪ್ ಮತ್ತು ಅಮೆರಿಕದ ಮೃಗಾಲಯಗಳು ಒಟ್ಟಾಗಿ ಜೋಡಿಗಳನ್ನು ಗೊತ್ತುಮಾಡಿ ಮರಿ ಮಾಡಿಸಲು ನಡೆಸುವ ಪ್ರಾದೇಶಿಕ ಸಂತಾನ ಯೋಜನೆಗಳಿಗೂ ನಮ್ಮಲ್ಲಿಗೆ ಬರುವ ಪ್ರಾಣಿಗಳಿಗೂ ಏನು ಸಂಬಂಧ? ಅನುಭವವುಳ್ಳವರು ದಯವಿಟ್ಟು ತಿಳಿಸಿಕೊಡಬೇಕೆಂದು ಕೋರುತ್ತೇನೆ.

ಉತ್ತರ 1 – ನಿವೃತ್ತ ಪಶುವೈದ್ಯ

ತಂಗಿ, ಒಳ್ಳೆಯ ವಿಷಯವನ್ನು ಆರಿಸಿಕೊಂಡಿದ್ದೀರಿ. ಹವಾಮಾನದ ಭಾಗಕ್ಕೆ ಮಾತ್ರ ನಾನು ಉತ್ತರಿಸುತ್ತೇನೆ, ಸಂತಾನ ಯೋಜನೆಯ ಬಗ್ಗೆ ನನಗಿಂತ ಚೆನ್ನಾಗಿ ಬಲ್ಲವರು ಇಲ್ಲಿದ್ದಾರೆ.

ಉಷ್ಣಾಂಶವೊಂದನ್ನೇ ಹಿಡಿದು ಹೊರಟರೆ ಲೆಕ್ಕ ತಪ್ಪುತ್ತದೆ. ಗಾಳಿಯ ತೇವ, ಹಗಲಿನ ಉದ್ದ, ಕಾಲಡಿಯ ನೆಲ, ಮಳೆ ಬರುವ ತಿಂಗಳು, ಇವೆಲ್ಲವೂ ಸೇರಿಯೇ ಒಂದು ಪ್ರಾಣಿಗೆ ಹವಾಮಾನವಾಗುತ್ತದೆ. ಶೀತಪ್ರದೇಶದ ಹಕ್ಕಿಗಳನ್ನು ಬಿಸಿಯೂ ತೇವವೂ ಇರುವ ಊರಿಗೆ ತಂದಾಗ ಅವುಗಳನ್ನು ಕೊಲ್ಲುವುದು ಹಲವು ಸಲ ಬಿಸಿಲಲ್ಲ, ಆಸ್ಪರ್ಜಿಲಸ್ ಎಂಬ ಬೂಷ್ಟು. ಕೊಳೆತ ಹುಲ್ಲಿನಲ್ಲಿಯೂ ಒದ್ದೆ ಗೋಡೆಯಲ್ಲಿಯೂ ಬೆಳೆಯುವ ಈ ಬೂಷ್ಟಿನ ಕಣಗಳನ್ನು ನಮ್ಮ ಕಾಗೆ, ಕೋಳಿಗಳು ದಿನವೂ ಉಸಿರಾಡಿ ಸುಮ್ಮನಿರುತ್ತವೆ. ಪೆಂಗ್ವಿನ್‌ಗಳಿಗೂ ಹಿಮಗೂಬೆಗಳಿಗೂ ಅದೇ ಕಣ ಶ್ವಾಸಕೋಶದಲ್ಲಿಯೂ ಗಾಳಿಚೀಲಗಳಲ್ಲಿಯೂ ಗಂಟು ಕಟ್ಟುತ್ತದೆ, ಮತ್ತು ಹಕ್ಕಿ ಮೇವು ಬಿಟ್ಟಿತೆಂದು ನಮಗೆ ತಿಳಿಯುವ ಹೊತ್ತಿಗೆ ಔಷಧ ಹಿಡಿಯುವ ಹಂತ ದಾಟಿರುತ್ತದೆ. ಇದಕ್ಕೆ ವಿರುದ್ಧವಾದುದೂ ಉಂಟು. ಮರುಭೂಮಿಯ ಜಿಂಕೆಗಳನ್ನು ಮಳೆನಾಡಿನಲ್ಲಿ ಇಟ್ಟರೆ ಗೊರಸು ಒಣಗುವುದಕ್ಕೆ ಬಿಡುವೇ ಸಿಗದೆ ಗೊರಸಿನ ಸಂದುಗಳು ಕೊಳೆಯುತ್ತವೆ.

ಹಗಲಿನ ಉದ್ದವನ್ನು ಹೆಚ್ಚಿನವರು ಮರೆಯುತ್ತಾರೆ. ಬೆಂಗಳೂರಿನಲ್ಲಿ ವರ್ಷದ ಅತಿ ದೀರ್ಘ ಹಗಲಿಗೂ ಅತಿ ಚಿಕ್ಕ ಹಗಲಿಗೂ ಸುಮಾರು ಒಂದೂವರೆ ಗಂಟೆಯ ವ್ಯತ್ಯಾಸವಿದ್ದರೆ ಲಂಡನ್‌ನಲ್ಲಿ ಅದು ಒಂಬತ್ತು ಗಂಟೆಯ ಹತ್ತಿರ ಹೋಗುತ್ತದೆ. ಉತ್ತರದ ಎಷ್ಟೋ ಪ್ರಾಣಿಪಕ್ಷಿಗಳಿಗೆ ಬೆದೆಗೆ ಬರುವ ಕಾಲವನ್ನು ತಿಳಿಸುವುದು ಚಳಿಯಲ್ಲ, ಹಗಲು ಹಿಗ್ಗುವ ಅಥವಾ ಕುಗ್ಗುವ ಈ ಕ್ರಮ. ಅಮೆರಿಕದ ವಿಸ್ಕಾನ್ಸಿನ್ ರಾಜ್ಯದ ಬರಾಬೂದಲ್ಲಿರುವ ಅಂತರರಾಷ್ಟ್ರೀಯ ಕ್ರೌಂಚ ಪ್ರತಿಷ್ಠಾನವು ಸೈಬೀರಿಯನ್ ಕ್ರೌಂಚಗಳಿಂದ ಮೊಟ್ಟೆ ಇಡಿಸಲು ಅವುಗಳ ಆವರಣಕ್ಕೆ ರಾತ್ರಿ ದೊಡ್ಡ ದೀಪಗಳನ್ನು ಹಾಕಿ ಧ್ರುವಪ್ರದೇಶದ ಬೇಸಿಗೆಯ ಹಗಲನ್ನು ಕೃತಕವಾಗಿ ಒದಗಿಸಿತು. ಸೆರೆಯಲ್ಲಿ ಆ ಕ್ರೌಂಚದ ಮೊದಲ ಮರಿ ಅಲ್ಲಿ ಬದುಕಿದ್ದು 1981ರಲ್ಲಿ. ಅಂತಹ ಹಕ್ಕಿಯನ್ನು ನಮ್ಮ ಅಕ್ಷಾಂಶಕ್ಕೆ ತಂದು ಕೋಣೆಯನ್ನು ಎಷ್ಟು ತಂಪು ಮಾಡಿದರೂ ಅದರ ಮೈಯೊಳಗಿನ ಪಂಚಾಂಗ ಮುಂದಕ್ಕೆ ಹೋಗುವುದಿಲ್ಲ.

ಪ್ರಾಣಿಯ ನಡವಳಿಕೆಯೇ ಒಳ್ಳೆಯ ಅಳತೆಗೋಲು ಎಂಬುದು ನನ್ನ ಅಭಿಪ್ರಾಯ. ಕೆಂಪು ಪಾಂಡಾವನ್ನು ಗಮನಿಸಿ. ಅಂಗಾಲಿನ ಮೇಲೂ ದಟ್ಟವಾಗಿ ಕೂದಲು ಬೆಳೆದಿರುವ ಪ್ರಾಣಿ ಅದು. ಚಳಿಯಾದರೆ ಮೈಯನ್ನು ಸುರುಳಿ ಮಾಡಿ, ಬಾಲವನ್ನು ಮುಖದ ಮೇಲೆ ಎಳೆದುಕೊಂಡು ಮಲಗುತ್ತದೆ. ಉಷ್ಣಾಂಶ 25 ಡಿಗ್ರಿ ದಾಟಿತೆಂದರೆ ಕೊಂಬೆಯ ಮೇಲೆ ಹೊಟ್ಟೆಯನ್ನು ಚಪ್ಪಟೆಯಾಗಿ ಒತ್ತಿ, ನಾಲ್ಕೂ ಕಾಲುಗಳನ್ನು ಕೆಳಗೆ ಇಳಿಬಿಟ್ಟು, ಬಾಯಿ ತೆರೆದು ತೇಕುತ್ತದೆ. ವರ್ಷದ ಬಹುಪಾಲು ದಿನ ಅದು ಎರಡನೆಯ ಭಂಗಿಯಲ್ಲಿಯೇ ಕಾಣುವ ಊರಿನಲ್ಲಿ ಅದನ್ನು ಇಡಬಾರದು. ಈ ಪ್ರಾಣಿಯ ಸಂತಾನಾಭಿವೃದ್ಧಿಗೆ ಡಾರ್ಜಿಲಿಂಗ್‌ನ ಪದ್ಮಜಾ ನಾಯ್ಡು ಮೃಗಾಲಯವನ್ನು ಆರಿಸಿದ್ದು ಸುಮಾರು 2,100 ಮೀಟರ್ ಎತ್ತರದ ಆ ಬೆಟ್ಟವೇ ಅದರ ತವರಾದ್ದರಿಂದ. ಅಲ್ಲಿ ಹುಟ್ಟಿ ಬೆಳೆದ ಎರಡು ಹೆಣ್ಣು ಪಾಂಡಾಗಳನ್ನು 2003ರಲ್ಲಿ ಸಮೀಪದ ಸಿಂಗಾಲಿಲಾ ಕಾಡಿಗೆ ಬಿಡಲು ಸಾಧ್ಯವಾದದ್ದಕ್ಕೂ ಈ ಸಾಮೀಪ್ಯವೇ ಅನುಕೂಲವಾಯಿತು.

ಉಷ್ಣದೇಶದ ಪ್ರಾಣಿಗಳು ಶೀತದೇಶಗಳಲ್ಲಿ ಪಟ್ಟ ಪಾಡೂ ಕಡಿಮೆಯದಲ್ಲ. ಉತ್ತರ ಯುರೋಪಿನಲ್ಲಿ ನೆಲ ಹಿಮಗಟ್ಟಿದ ದಿನ ಜಿರಾಫೆಗಳನ್ನು ಕೊಟ್ಟಿಗೆಯಿಂದ ಹೊರಬಿಡುವುದಿಲ್ಲ, ಏಕೆಂದರೆ ಕಾಲು ಜಾರಿ ಎರಡೂ ಬದಿಗೆ ಸೀಳಿದರೆ ಅದನ್ನು ಎತ್ತಿ ನಿಲ್ಲಿಸುವುದು ಬಹುತೇಕ ಅಸಾಧ್ಯ. ಆನೆಗಳು ಚಳಿಗಾಲವಿಡೀ ಕಾಂಕ್ರೀಟ್ ನೆಲದ ಮೇಲೆ ನಿಂತು ಪಾದದ ಹುಣ್ಣಿಗೂ ಕೀಲುನೋವಿಗೂ ತುತ್ತಾದವು. ಡೆಟ್ರಾಯಿಟ್ ಮೃಗಾಲಯ 2005ರಲ್ಲಿ ತನ್ನ ಎರಡು ಆನೆಗಳನ್ನು, ಅಲಾಸ್ಕಾದ ಆಂಕರೇಜ್ ಮೃಗಾಲಯ 2007ರಲ್ಲಿ ತನ್ನ ಒಂಟಿ ಆನೆ ಮ್ಯಾಗಿಯನ್ನು ಕ್ಯಾಲಿಫೋರ್ನಿಯಾದ ಬೆಚ್ಚನೆಯ ಆಶ್ರಯಧಾಮಕ್ಕೆ ಕಳುಹಿಸಿದವು.

ಪೆಂಗ್ವಿನ್ ವಿಷಯದಲ್ಲಿ ನಿಮ್ಮ ಪ್ರಶ್ನೆ ಸರಿಯಾದುದು. ಹಂಬೋಲ್ಟ್ ಪೆಂಗ್ವಿನ್ ಹಿಮಖಂಡದ ಹಕ್ಕಿಯಲ್ಲ, ಪೆರು ಮತ್ತು ಚಿಲಿ ದೇಶಗಳ ಕರಾವಳಿಯದು. ಯುರೋಪಿನ ಅನೇಕ ಮೃಗಾಲಯಗಳಲ್ಲಿ ಅದು ವರ್ಷಪೂರ್ತಿ ಬಯಲಿನಲ್ಲಿಯೇ ಇರುತ್ತದೆ. ಮುಂಬೈನಲ್ಲಿ ಅದಕ್ಕೆ 16ರಿಂದ 18 ಡಿಗ್ರಿಯ ಗಾಜಿನ ಮನೆ ಬೇಕು. ಯಂತ್ರ ನಿಂತ ದಿನ ಆ ಪ್ರಾಣಿ ಹೊರಗಿನ ಗಾಳಿಯಲ್ಲಿ ಬದುಕಬಲ್ಲದೇ ಎಂದು ನಾನು ಮೊದಲು ಕೇಳುತ್ತೇನೆ. ಇಲ್ಲವೆಂದಾದರೆ ಆ ಪ್ರಾಣಿಯನ್ನು ತರಬಾರದು. ಮರಿ ಹಾಕಿದ್ದು ಆರೈಕೆ ಚೆನ್ನಾಗಿದೆ ಎಂಬುದನ್ನು ತೋರಿಸುತ್ತದೆ, ಆಯ್ಕೆ ಸರಿಯೆಂಬುದನ್ನಲ್ಲ.

ಈ ದೃಷ್ಟಿಯಿಂದ ಮೈಸೂರು ಭಾಗ್ಯವಂತ ಊರು. ಸಮುದ್ರಮಟ್ಟದಿಂದ ಸುಮಾರು 770 ಮೀಟರ್ ಎತ್ತರ, ಬೇಸಿಗೆಯ ಮಧ್ಯಾಹ್ನ 35 ಡಿಗ್ರಿಯ ಆಸುಪಾಸು, ಚಳಿಗಾಲದ ರಾತ್ರಿ 16 ಡಿಗ್ರಿಯ ಆಸುಪಾಸು, ವರ್ಷಕ್ಕೆ ಎರಡು ಹದದಲ್ಲಿ ಬೀಳುವ ಮಿತವಾದ ಮಳೆ. ಪೂರ್ವ ಆಫ್ರಿಕಾದ ಹುಲ್ಲುಗಾವಲಿನ ಪ್ರಾಣಿಗಳಿಗೆ ಇದಕ್ಕಿಂತ ಹಿತವಾದ ಜಾಗ ಭಾರತದಲ್ಲಿ ವಿರಳ. ಆದ್ದರಿಂದ ಜಿರಾಫೆ, ಜೀಬ್ರಾಗಳು ಇಲ್ಲಿ ಇರುವುದು ಸರಿಯೆಂದೇ ನನ್ನ ಭಾವನೆ.

ಉತ್ತರ 2 – ಮರಳುಗಾಡಿನ ಕನ್ನಡಿಗ

ನಾನು ಅರಿಜೋನಾದ ಫೀನಿಕ್ಸ್ ನಗರದಲ್ಲಿ ನೆಲೆಸಿರುವವನು. ಹವಾಮಾನ ಮತ್ತು ಸಂತಾನ ಯೋಜನೆ ಎರಡನ್ನೂ ಒಟ್ಟಿಗೆ ಯೋಚಿಸಿ ಮಾಡಿದ ಅತ್ಯುತ್ತಮ ಕೆಲಸವೊಂದು ಈ ಊರಿನಲ್ಲಿಯೇ ನಡೆದಿರುವುದರಿಂದ ಅದನ್ನು ಇಲ್ಲಿ ವಿವರವಾಗಿ ಬರೆಯುತ್ತೇನೆ.

1960ರ ದಶಕದ ಆರಂಭದ ಹೊತ್ತಿಗೆ ಅರೇಬಿಯನ್ ಓರಿಕ್ಸ್ ಎಂಬ ಬಿಳಿಯ, ನೇರ ಕೊಂಬಿನ ಜಿಂಕೆ ಜೀಪು ಮತ್ತು ಬಂದೂಕಿನ ಬೇಟೆಯಿಂದಾಗಿ ಅರೇಬಿಯಾದ ಮರಳುಗಾಡಿನಲ್ಲಿ ಬೆರಳೆಣಿಕೆಗೆ ಇಳಿದಿತ್ತು. ಬ್ರಿಟನ್ನಿನ ಸಂರಕ್ಷಣಾ ಸಂಘವೊಂದು 1962ರಲ್ಲಿ ಏಡನ್ ಪ್ರಾಂತ್ಯಕ್ಕೆ ತಂಡವನ್ನು ಕಳುಹಿಸಿ ಅವುಗಳನ್ನು ಹಿಡಿಸಿತು. ಅವುಗಳಲ್ಲಿ ಉಳಿದ ಮೂರನ್ನು ಎಲ್ಲಿಡುವುದು ಎಂಬ ಪ್ರಶ್ನೆ ಬಂದಾಗ ಹೆಸರಾಂತ ಹಳೆಯ ಮೃಗಾಲಯಗಳನ್ನು ಬಿಟ್ಟು, ಆಗಷ್ಟೇ ತೆರೆದಿದ್ದ ಫೀನಿಕ್ಸ್ ಮೃಗಾಲಯವನ್ನು ಆರಿಸಲಾಯಿತು. ಅದಕ್ಕೆ ಕಾರಣ ಇಲ್ಲಿನ ಒಣ ಬಿಸಿಲು. ಲಂಡನ್ ಮೃಗಾಲಯ ಒಂದನ್ನು, ಕುವೈತ್‌ನ ದೊರೆ ಒಂದನ್ನು, ಸೌದಿ ಅರೇಬಿಯಾದ ದೊರೆ ನಾಲ್ಕನ್ನು ಕೊಟ್ಟರು. ಹೀಗೆ ಒಟ್ಟುಗೂಡಿದ ಒಂಬತ್ತು ಪ್ರಾಣಿಗಳನ್ನೇ 'ವಿಶ್ವ ಹಿಂಡು' ಎಂದು ಕರೆದರು. ಇವು ಯಾವ ಮೃಗಾಲಯದ ಆಸ್ತಿಯೂ ಅಲ್ಲ, ಇಡೀ ಪ್ರಭೇದದ ಪರವಾಗಿ ಇಟ್ಟುಕೊಂಡ ನಿಧಿ ಎಂಬುದು ಆ ಹೆಸರಿನ ಅರ್ಥ. ಹಿಂಡು ಬೆಳೆದಂತೆ, ಒಂದೇ ಕಡೆ ರೋಗ ಬಂದು ಎಲ್ಲವೂ ನಾಶವಾಗಬಾರದೆಂದು ಕೆಲವನ್ನು ಸ್ಯಾನ್ ಡಿಯೇಗೋ ಮುಂತಾದ ಬೆಚ್ಚನೆಯ, ಒಣ ಊರುಗಳಿಗೆ ಹಂಚಿದರು.

ಕಾಡಿನ ಕೊನೆಯ ಓರಿಕ್ಸ್‌ಗಳನ್ನು ಓಮನ್‌ನಲ್ಲಿ 1972ರಲ್ಲಿ ಕೊಂದರು. ಹತ್ತು ವರ್ಷದ ನಂತರ, 1982ರಲ್ಲಿ, ಈ ಹಿಂಡಿನ ಸಂತಾನವನ್ನು ಅದೇ ಓಮನ್‌ನ ಜಿದ್ದತ್ ಅಲ್ ಹರಾಸಿಸ್ ಬಯಲಿನಲ್ಲಿ ಬಿಡಲಾಯಿತು. ಅಲ್ಲಿ ಮತ್ತೆ ಕಳ್ಳಬೇಟೆ ಕಾಡಿತು, ಅದು ದುಃಖದ ಬೇರೆ ಕಥೆ. ಆದರೂ ಬೇರೆ ದೇಶಗಳಲ್ಲಿ ಅವು ನೆಲೆಗೊಂಡು, 2011ರಲ್ಲಿ ಅಂತರರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಒಕ್ಕೂಟದ (ಐಯುಸಿಎನ್) ಕೆಂಪುಪಟ್ಟಿಯಲ್ಲಿ ಅಪಾಯದ ಒಂದು ಮೆಟ್ಟಿಲು ಕೆಳಗಿಳಿದವು.

ಬೇಸಿಗೆಯಲ್ಲಿ ಇಲ್ಲಿ 43 ಡಿಗ್ರಿ ಸಾಮಾನ್ಯ. ಅಂತಹ ಮಧ್ಯಾಹ್ನ ಓರಿಕ್ಸ್ ನೆರಳಿನಲ್ಲಿ ಗೊರಸಿನಿಂದ ಮೇಲಿನ ಬಿಸಿ ಮಣ್ಣನ್ನು ಕೆದಕಿ, ಕೆಳಗಿನ ತಂಪು ಮಣ್ಣಿಗೆ ಹೊಟ್ಟೆಯೂರಿ ಮಲಗುತ್ತದೆ. ಕಾಡಿನಲ್ಲಿ ಮಾಡುವ ಕೆಲಸವನ್ನೇ ಸೆರೆಯಲ್ಲಿಯೂ ಮಾಡಲು ಅದಕ್ಕೆ ಅವಕಾಶ ಸಿಕ್ಕಿದೆ. ತಂಪುಗೊಳಿಸಿದ ಕೋಣೆಯಲ್ಲಿ ತಲೆಮಾರುಗಳನ್ನು ಕಳೆದ ಪ್ರಾಣಿಯನ್ನು ಹೀಗೆ ಒಂದು ದಿನ ಮರುಭೂಮಿಗೆ ಬಿಡಲು ಸಾಧ್ಯವಿತ್ತೇ ಎಂದು ಯೋಚಿಸಿ. ಮೇಲೆ ಪಶುವೈದ್ಯರು ಹೇಳಿದ ಮಾತಿಗೆ ನನ್ನ ಪೂರ್ಣ ಒಪ್ಪಿಗೆಯಿದೆ.

ಶೀತದ ಕಡೆಯ ಉದಾಹರಣೆ ಬೇಕಿದ್ದರೆ ಸ್ಕಾಟ್ಲೆಂಡಿನ ಹೈಲ್ಯಾಂಡ್ ವೈಲ್ಡ್‌ಲೈಫ್ ಪಾರ್ಕನ್ನು ನೋಡಿ. ಹಿಮಕರಡಿ, ಹಿಮಚಿರತೆ, ಅಮೂರ್ ಹುಲಿ ಹೀಗೆ ಚಳಿಯನ್ನು ಬಯಸುವ ಪ್ರಾಣಿಗಳಿಗೇ ಅದು ಒತ್ತು ಕೊಟ್ಟಿದೆ. 2017ರ ಡಿಸೆಂಬರಿನಲ್ಲಿ ಅಲ್ಲಿ ಹುಟ್ಟಿದ ಹಿಮಕರಡಿ ಮರಿ, ಬ್ರಿಟನ್‌ನಲ್ಲಿ 25 ವರ್ಷಗಳಲ್ಲಿ ಹುಟ್ಟಿ ಬದುಕಿದ ಮೊದಲ ಹಿಮಕರಡಿ ಮರಿ.

ಉತ್ತರ 3 – ಸ್ಟಡ್‌ಬುಕ್ ಓದುಗ

ಮೃಗಾಲಯಗಳ ದಾಖಲೆಗಳ ಜೊತೆ ಬಹುಕಾಲ ಕೆಲಸ ಮಾಡಿದವನಾಗಿ, ಪಶುವೈದ್ಯರ ಕೊನೆಯ ಮಾತಿಗೆ ನನ್ನ ಗೌರವಪೂರ್ವಕ ಭಿನ್ನಾಭಿಪ್ರಾಯವಿದೆ. ಮೈಸೂರಿನ ಹವೆ ಜಿರಾಫೆಗೆ ಹಿತವೆಂಬುದು ನಿಜ. ಆದರೆ ಹಿತವಾದ ಊರಿನಲ್ಲಿಯೂ ಐದಾರು ತಲೆಮಾರಿನ ನಂತರ ಪ್ರಾಣಿಗಳ ಸಂತತಿ ಕುಸಿಯಬಲ್ಲದು, ಅದಕ್ಕೆ ಕಾರಣ ರಕ್ತಸಂಬಂಧ.

ಪ್ರಾದೇಶಿಕ ಯೋಜನೆ ಎಂದರೇನೆಂದು ಮೊದಲು ಹೇಳುತ್ತೇನೆ. ಅಮೆರಿಕದ ಮೃಗಾಲಯಗಳು 1981ರಲ್ಲಿ, ಯುರೋಪಿನವು 1985ರಲ್ಲಿ ಒಂದೊಂದು ಪ್ರಭೇದವನ್ನು ಇಡೀ ಪ್ರದೇಶದ ಒಂದೇ ಹಿಂಡೆಂದು ಭಾವಿಸಿ ನಡೆಸುವ ಪದ್ಧತಿಯನ್ನು ಆರಂಭಿಸಿದವು. ಪ್ರತಿ ಪ್ರಾಣಿಯ ತಂದೆ, ತಾಯಿ, ಹುಟ್ಟು, ಸಾವು, ವರ್ಗಾವಣೆಗಳು ಸ್ಟಡ್‌ಬುಕ್ ಎಂಬ ವಂಶಾವಳಿಯಲ್ಲಿ ದಾಖಲಾಗುತ್ತವೆ. ನೂರು ವರ್ಷಗಳ ಕಾಲ ಮೂಲ ಪ್ರಾಣಿಗಳ ಅನುವಂಶಿಕ ವೈವಿಧ್ಯದ ಶೇ. 90ರಷ್ಟನ್ನಾದರೂ ಉಳಿಸಿಕೊಳ್ಳುವುದು ಸಾಮಾನ್ಯವಾಗಿ ಇಟ್ಟುಕೊಳ್ಳುವ ಗುರಿ. ಹಿಂಡಿನಲ್ಲಿ ಯಾವ ಪ್ರಾಣಿಗೆ ಬಂಧುಗಳು ಅತಿ ಕಡಿಮೆಯೋ ಅದಕ್ಕೆ ಮೊದಲು ಜೋಡಿ ಹುಡುಕುತ್ತಾರೆ. ಈಗಾಗಲೇ ಮಕ್ಕಳು, ಮೊಮ್ಮಕ್ಕಳು ತುಂಬಿರುವ ಗಂಡು ಎಷ್ಟೇ ಸುಂದರವಾಗಿದ್ದರೂ ಅದಕ್ಕೆ ಮತ್ತೆ ಅವಕಾಶವಿಲ್ಲ. ಯಾವ ಪ್ರಾಣಿ ಯಾವ ಊರಿಗೆ ಹೋಗಬೇಕೆಂದು ಸಂಯೋಜಕರು ಸೂಚಿಸುತ್ತಾರೆ, ಹಣದ ವ್ಯವಹಾರ ಇರುವುದಿಲ್ಲ.

ವಂಶಾವಳಿಯಲ್ಲಿ ಒಂದು ಹೆಸರು ತಪ್ಪಿದರೆ ಏನಾಗುತ್ತದೆ ಎಂಬುದಕ್ಕೆ ಏಷ್ಯಾದ ಸಿಂಹದ ಪ್ರಕರಣವೇ ಸಾಕು. ಅಮೆರಿಕದ ಮೃಗಾಲಯಗಳು ಶುದ್ಧ ಗಿರ್ ಸಿಂಹಗಳೆಂದು ನಂಬಿ ಬೆಳೆಸುತ್ತಿದ್ದ ಹಿಂಡಿನ ಮೂಲಪ್ರಾಣಿಗಳಲ್ಲಿ ಆಫ್ರಿಕಾದ ರಕ್ತ ಬೆರೆತಿದೆಯೆಂದು 1987ರಲ್ಲಿ ಅನುವಂಶಿಕ ಪರೀಕ್ಷೆಗಳು ತೋರಿಸಿದವು. ವರ್ಷಗಳ ಆ ಶ್ರಮವನ್ನು ಅಲ್ಲಿಗೇ ಕೈಬಿಡಬೇಕಾಯಿತು. ಚಂಡೀಗಢದ ಸಮೀಪದ ಛತ್‌ಬೀರ್‌ನಲ್ಲಿಯೂ ಬೆರಕೆ ಸಿಂಹಗಳು ಹೆಚ್ಚಿ, ಅವುಗಳ ಸಂತಾನವನ್ನೇ ತಡೆಯಬೇಕಾಯಿತು. ಎರಡು ಕಡೆಯೂ ತಪ್ಪು ಹವಾಮಾನದ್ದಲ್ಲ. ಜಿರಾಫೆಗಳಲ್ಲಿ ನಾಲ್ಕು ಪ್ರಭೇದಗಳಿವೆಯೆಂದು 2016ರಲ್ಲಿ ಪ್ರಕಟವಾದ ಅಧ್ಯಯನ ವಾದಿಸಿದ ಮೇಲೆ, ನಮ್ಮಲ್ಲಿರುವ ಜಿರಾಫೆಗಳು ಯಾವ ಗುಂಪಿನವು ಎಂಬ ಪ್ರಶ್ನೆಯನ್ನೂ ಇದೇ ಕಾಳಜಿಯಿಂದ ಕೇಳಬೇಕಾಗಿದೆ.

ಇನ್ನೊಂದು ಸಂಗತಿಯನ್ನು ಪ್ರಬಂಧದಲ್ಲಿ ತಪ್ಪದೆ ಸೇರಿಸಿ. ಪ್ರಾದೇಶಿಕ ಯೋಜನೆಗಳ ಗಡಿಯನ್ನು ಎಳೆಯುವುದು ದೂರ ಮಾತ್ರವಲ್ಲ, ಕಾಲುಬಾಯಿ ಜ್ವರವೂ ಹೌದು. ಆ ರೋಗ ನಮ್ಮ ದೇಶದ ದನಕರುಗಳಲ್ಲಿ ಇನ್ನೂ ಇರುವುದರಿಂದ, ಭಾರತದಿಂದ ಸೀಳುಗೊರಸಿನ ಜೀವಂತ ಪ್ರಾಣಿಗಳನ್ನು ಯುರೋಪಿಗೋ ಅಮೆರಿಕಕ್ಕೋ ಕಳುಹಿಸುವುದು ಕಾರ್ಯತಃ ಅಸಾಧ್ಯ. ಅಂದರೆ ಯುರೋಪಿನಿಂದ ಮೈಸೂರಿಗೆ ಬಂದ ಜಿರಾಫೆಯೂ ಅದರ ಮರಿಗಳೂ ಅಲ್ಲಿಯ ಯೋಜನೆಗೆ ಹಿಂತಿರುಗಲಾರವು. ಇಲ್ಲಿ ಎಷ್ಟು ಮರಿಗಳು ಹುಟ್ಟಿದರೂ ಅವು ಭಾರತದೊಳಗೇ ಜೋಡಿ ಹುಡುಕಿಕೊಳ್ಳಬೇಕು. ಇಲ್ಲಿಗೆ ಹೊಂದಿಕೊಳ್ಳುವ ಜಿರಾಫೆ, ಜೀಬ್ರಾ, ನೀರಾನೆಗಳಂತಹ ಕೆಲವೇ ಪ್ರಭೇದಗಳಿಗೆ ಭಾರತದ ಮೃಗಾಲಯಗಳೆಲ್ಲ ಸೇರಿ ತಮ್ಮದೇ ಒಂದು ಯೋಜನೆ ಮಾಡಿಕೊಂಡರೆ ಮಾತ್ರ ಅವುಗಳನ್ನು ಇಡುವುದಕ್ಕೆ ಅರ್ಥವಿದೆ. ಅಂತಹ ಯೋಜನೆಯಿಲ್ಲದೆ ಊರಿಗೊಂದು ಜೋಡಿ ತರಿಸುವುದನ್ನು ನಾನು ಒಪ್ಪಲಾರೆ.

ನಮ್ಮದೇ ಪ್ರಾಣಿಗಳ ವಿಷಯದಲ್ಲಿ ಈ ವಿವೇಕ ಆಗಲೇ ಬಂದಿದೆ. ಕೇಂದ್ರೀಯ ಮೃಗಾಲಯ ಪ್ರಾಧಿಕಾರವು ಒಂದೊಂದು ಪ್ರಭೇದಕ್ಕೂ ಸಂಯೋಜಕ ಮೃಗಾಲಯವನ್ನು ಗೊತ್ತುಮಾಡಿ, ಸಾಧ್ಯವಾದಷ್ಟೂ ಆ ಪ್ರಾಣಿಯ ನೆಲೆಗೆ ಹತ್ತಿರ ಕೆಲಸ ನಡೆಸುತ್ತಿದೆ. ಗಿರ್ ಸಿಂಹಕ್ಕೆ ಜುನಾಗಢದ ಸಕ್ಕರ್‌ಬಾಗ್, ವೆಸ್ಟರ್ನ್ ಟ್ರಾಗೋಪಾನ್ ಎಂಬ ಬೆಟ್ಟದ ಕೋಳಿಗೆ ಹಿಮಾಚಲದ ಸರಾಹನ್, ನಮ್ಮ ಸೀಳುನಾಯಿಗೆ ವಿಶಾಖಪಟ್ಟಣ, ಸಿಂಗಳೀಕಕ್ಕೆ ಚೆನ್ನೈನ ವಂಡಲೂರು. ವನ್ಯಜೀವಿ ಸಂರಕ್ಷಣಾ ಕಾಯ್ದೆಯ 38-ಐ ಸೆಕ್ಷನ್ ಪ್ರಕಾರ, ಅದರ ಮೊದಲೆರಡು ಅನುಸೂಚಿಗಳಲ್ಲಿರುವ ಪ್ರಾಣಿಗಳನ್ನು ಮೃಗಾಲಯಗಳ ನಡುವೆ ವರ್ಗಾಯಿಸಲು ಪ್ರಾಧಿಕಾರದ ಅನುಮತಿ ಬೇಕೇ ಬೇಕು. ಆದ್ದರಿಂದ ಹೊರದೇಶದ ಪ್ರಾಣಿಗಳಿಗೂ ಇದೇ ಚೌಕಟ್ಟನ್ನು ವಿಸ್ತರಿಸುವುದು ಕಷ್ಟವಾಗಬಾರದು.

ಮರಿ ಮಾಡದ ಪ್ರಾಣಿಗೂ ಯೋಜನೆಯಲ್ಲಿ ಸ್ಥಾನವಿರಬಹುದು ಎಂಬುದನ್ನೂ ಹೇಳಬೇಕು. ಗೊರಿಲ್ಲಾಗಳ ಒಂದು ಕುಟುಂಬಕ್ಕೆ ಒಂದೇ ದೊಡ್ಡ ಗಂಡು ಸಾಕು, ಆದರೆ ಹುಟ್ಟುವ ಮರಿಗಳಲ್ಲಿ ಅರ್ಧದಷ್ಟು ಗಂಡು. ಹೀಗೆ ಉಳಿದ ಗಂಡುಗಳನ್ನು ಒಟ್ಟಿಗೆ ಇಡುವ ಗುಂಪುಗಳು ಯುರೋಪಿನ ಯೋಜನೆಗೆ ಅತ್ಯಗತ್ಯ. 2021ರಲ್ಲಿ ಜರ್ಮನಿಯಿಂದ ಮೈಸೂರಿಗೆ ಎರಡು ಗಂಡು ಗೊರಿಲ್ಲಾಗಳು ಬಂದದ್ದನ್ನು ನಾನು ಈ ಬೆಳಕಿನಲ್ಲಿ ನೋಡುತ್ತೇನೆ. 2014ರವರೆಗೆ ಪೋಲೋ ಎಂಬ ಗೊರಿಲ್ಲಾ ಇಲ್ಲಿ ವರ್ಷಗಟ್ಟಲೆ ಒಂಟಿಯಾಗಿ ಬಾಳಿದ್ದನ್ನು ನೆನೆದರೆ ಇಬ್ಬರು ಜೊತೆಗಿರುವುದು ಎಷ್ಟೋ ಮೇಲು.

ಉತ್ತರ 4 – ನಿವೃತ್ತ ಪಶುವೈದ್ಯ

ಸ್ಟಡ್‌ಬುಕ್ ಓದುಗರ ಮಾತನ್ನು ಒಪ್ಪುತ್ತೇನೆ, ವಿಶೇಷವಾಗಿ ಕಾಲುಬಾಯಿ ಜ್ವರದ ವಿಚಾರವನ್ನು. ಆದರೆ ಕ್ರಮವನ್ನು ಬಿಟ್ಟುಕೊಡಲಾರೆ. ಯೋಜನೆ ಎಷ್ಟೇ ಉತ್ತಮವಾಗಿರಲಿ, ಹವಾಮಾನ ಒಗ್ಗದ ಊರನ್ನು ಅದರ ಪಟ್ಟಿಗೆ ಸೇರಿಸಿದರೆ ಅಲ್ಲಿಗೆ ಹೋದ ಪ್ರಾಣಿ ಪ್ರತಿದಿನ ಅದರ ಬೆಲೆ ತೆರುತ್ತದೆ. ಮೊದಲು ಊರುಗಳನ್ನು ಹವಾಮಾನದಿಂದ ಸೋಸಿ, ಉಳಿದ ಊರುಗಳ ನಡುವೆ ಸಂತಾನ ಯೋಜನೆಯನ್ನು ಮಾಡಬೇಕು.

ಪ್ರಶ್ನೆ ಕೇಳಿದವರ ಪ್ರತಿಕ್ರಿಯೆ – ಚಾಮುಂಡಿತಪ್ಪಲು

ಮೂವರಿಗೂ ಹೃತ್ಪೂರ್ವಕ ಧನ್ಯವಾದಗಳು. ನನ್ನ ವಿಷಯ ತುಂಬಾ ವಿಸ್ತಾರವಾಗಿದೆಯೆಂದು ಈಗ ಅರಿವಾಗಿದೆ. ಜಿರಾಫೆಯೊಂದನ್ನೇ ತೆಗೆದುಕೊಂಡು, ಅವು ಇರುವ ಮೈಸೂರು, ಕೋಲ್ಕತ್ತ, ಪಟ್ನಾದಂತಹ ಬೇರೆ ಬೇರೆ ಹವೆಯ ಊರುಗಳನ್ನು ಹೋಲಿಸಿದರೆ ಆಗಬಹುದೇ? ಹಾಗೆ ಮಾಡುವುದಾದರೆ ಯಾವ ಯಾವ ಮಾಹಿತಿಯನ್ನು ಕೇಳಬೇಕು?

ಉತ್ತರ 5 – ಸ್ಟಡ್‌ಬುಕ್ ಓದುಗ

ಖಂಡಿತ ಆಗಬಹುದು, ಮತ್ತು ಅದು ಉಪಯುಕ್ತವಾದ ಕೆಲಸವೂ ಹೌದು. ಒಂದೊಂದು ಮೃಗಾಲಯದಲ್ಲಿ ಯಾವ ಪ್ರಾಣಿ ಎಷ್ಟಿವೆ, ವರ್ಷದಲ್ಲಿ ಎಷ್ಟು ಹುಟ್ಟಿದವು, ಎಷ್ಟು ಸತ್ತವು ಎಂಬ ಪಟ್ಟಿಯನ್ನು ಪ್ರಾಧಿಕಾರವೇ ಪ್ರಕಟಿಸುತ್ತದೆ, ಅಲ್ಲಿಂದ ಆರಂಭಿಸಿ. ಆ ಪಟ್ಟಿಯಲ್ಲಿ ಸಿಗದಿರುವುದು ತಂದೆತಾಯಿಗಳ ವಿವರ. ಅದಕ್ಕಾಗಿ ಆಯಾ ಮೃಗಾಲಯದ ನಿರ್ದೇಶಕರಿಗೆ ನಿಮ್ಮ ವಿಭಾಗದ ಮುಖ್ಯಸ್ಥರ ಮೂಲಕ ಪತ್ರ ಬರೆದು ಪ್ರತಿ ಮರಿಯ ತಾಯಿ, ತಂದೆ, ಹುಟ್ಟಿದ ದಿನಾಂಕ ಮತ್ತು ಅದು ಆರು ತಿಂಗಳು ದಾಟಿತೇ ಎಂಬುದನ್ನು ಕೇಳಿ.

ಪಟ್ನಾದ ಚಳಿಗಾಲದ ಮಂಜನ್ನೂ ಕೋಲ್ಕತ್ತದ ಮಳೆಗಾಲದ ತೇವವನ್ನೂ ಮೈಸೂರಿನ ಹದವಾದ ಹವೆಯನ್ನೂ ಪಕ್ಕಪಕ್ಕದಲ್ಲಿಟ್ಟು, ಮರಿಗಳು ಹುಟ್ಟಿದ ತಿಂಗಳಿಗೆ ಹೊಂದಿಸಿ ನೋಡಿ. ಜಿರಾಫೆಯ ಗರ್ಭಾವಧಿ ಸುಮಾರು ಹದಿನೈದು ತಿಂಗಳಾದ್ದರಿಂದ ಮರಿ ಹುಟ್ಟಿದ ಋತುವಿನ ಜೊತೆಗೆ ತಾಯಿ ಗಬ್ಬವಾದ ಋತುವನ್ನೂ ಲೆಕ್ಕ ಹಾಕಿ ಬೇರೆ ಕಾಲಂನಲ್ಲಿ ಬರೆದುಕೊಳ್ಳಿ. ಮೂರೂ ಊರುಗಳಿಂದ ವಂಶಾವಳಿ ಸಿಕ್ಕರೆ ಇಲ್ಲಿ ಹಾಕಿ, ರಕ್ತಸಂಬಂಧದ ಲೆಕ್ಕವನ್ನು ನಿಮ್ಮೊಂದಿಗೆ ಕುಳಿತು ಮಾಡಿಕೊಡಲು ನಾನು ಸಿದ್ಧ.